ಗುರುವಾರದ ಕಾರ್ಪೆಟ್ಟು

ವಸತಿ ಸಂಘದ ಮನೆಯನ್ನು ಹೊಸ ಬಾಡಿಗೆದಾರರಿಗೆ ಒಪ್ಪಿಸುವ ಮೊದಲು ಅದರಲ್ಲಿ ಉಪಯೋಗಕ್ಕೆ ಬರುವ ಯಾವ ವಸ್ತುವೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಇಂಗ್ಲೆಂಡಿನ ಸಂಡರ್ಲೆಂಡ್ ಬಂದರಿನ ಹಿಂದಿರುವ ಹಾಥಾರ್ನ್ ಕೋರ್ಟ್ ಎಂಬ ವಸತಿ ಕಟ್ಟಡದಲ್ಲಿ ಈ ನಿಯಮವನ್ನು ಇದುವರೆಗೆ ಯಾರೂ ಮುರಿದಿಲ್ಲ. ಅದಕ್ಕಾಗಿ ಸಂಘಕ್ಕೆ ಗೋಡೆಗೆ ತೂಗುಹಾಕುವಂಥ ಪ್ರಶಸ್ತಿಯೂ ಬಂದಿದೆ.

ಲಿನೆಟ್ ರಾಬ್ಸನ್‌ಗೆ ಈ ನಿಯಮ ಗೊತ್ತಿರಲಿಲ್ಲ. ಶಾಲೆಯೊಂದರ ಅಡುಗೆಮನೆಯಲ್ಲಿ ಅರ್ಧ ದಿನದ ಕೆಲಸ, ಕಂಕುಳಲ್ಲಿ ಕೂಸು ನೆಲ್, ಮಲಗಲು ಅಕ್ಕನ ಮನೆಯ ಸೋಫಾ. ವರ್ಷಗಟ್ಟಲೆ ಸರದಿಯಲ್ಲಿ ಕಾದ ಮೇಲೆ ಮೂರನೆಯ ಮಹಡಿಯ ಈ ಮನೆ ಮಂಜೂರಾಗಿತ್ತು. ನೋಡಲು ಬಂದವಳ ಕಣ್ಣಿಗೆ ಬಿದ್ದದ್ದು ಕೋಣೆಯ ತುಂಬ ಹಾಸಿದ್ದ ದಪ್ಪ ಹಸಿರು ಕಾರ್ಪೆಟ್ಟು. ವೃದ್ಧಾಶ್ರಮಕ್ಕೆ ಹೋದ ಮುದುಕನೊಬ್ಬ ಬಿಟ್ಟುಹೋದದ್ದು; ಸವೆದೀತೆಂದು ಅದರ ಮೇಲೆ ವೃತ್ತಪತ್ರಿಕೆ ಹಾಸಿಕೊಂಡು ಓಡಾಡುತ್ತಿದ್ದನಂತೆ. ನೆಲ್ ಆ ವಾರವಷ್ಟೇ ಅಂಬೆಗಾಲಿಡಲು ಶುರುಮಾಡಿದ್ದಳು.

"ಇದು ಹೋಗತ್ತೆ," ಅಂದರು ಸಂಘದ ಅಧಿಕಾರಿ ಪಿಕ್ಕರಿಂಗ್.

"ಯಾಕೆ? ಇರ್ಲಿ ಬಿಡಿ ಪಿಕ್ಕರಿಂಗ್ ಅವರೇ. ಕೆಳಗೆ ಬರೀ ಕಾಂಕ್ರೀಟು. ಮಗು ತೆವಳೋದಾದ್ರೂ ಎಲ್ಲಿ?"

"ಇರ್ಲಿ ಅಂದ್ರೆ ನಮ್ಮದಾಗತ್ತೆ. ನಮ್ಮದಾದ್ರೆ ಕೆಟ್ಟಾಗ ನಾವು ರಿಪೇರಿ ಮಾಡ್ಬೇಕಾಗತ್ತೆ. ನಾವು ರಿಪೇರಿ ಮಾಡಲ್ವಲ್ಲ."

"ಅದಂತೂ ನಿಜ ಕಣವ್ವ," ಎಂದಳು ಪಕ್ಕದ ಮನೆಯ ಮುದುಕಿ ಐವಿ, ಬಾಗಿಲಲ್ಲೇ ನಿಂತು. "ನಮ್ಮ ನಲ್ಲಿ ಸೋರೋಕೆ ಶುರುವಾದಾಗ ನನಗಿನ್ನೂ ಹಲ್ಲಿತ್ತು."

ಲಿನೆಟ್ ಮೂಲೆಯತ್ತ ಕೈತೋರಿಸಿದಳು. "ಹಾಗಾದ್ರೆ ಆ ಬೂಷ್ಟೂ ಹೋಗತ್ತಾ?"

"ಇಲ್ಲ. ಅದು ಬಾಡಿಗೆದಾರರ ಜೀವನಶೈಲಿಯಿಂದ ಬಂದದ್ದು. ನೀವು ಟೀಗೆ ನೀರು ಕಾಯಿಸ್ತೀರಿ, ಹಬೆ ಏಳತ್ತೆ."

"ನಾನಿನ್ನೂ ಬಂದೇ ಇಲ್ಲ."

"ಬರ್ತೀರಲ್ಲ."

"ಮನೇನೇ ಬೇಡ ಅಂದ್ರೆ?"

"ಬೇಡ ಅನ್ನೋ ಹಕ್ಕು ನಿಮಗೆ ಪೂರ್ತಿ ಇದೆ. ಸರದಿಯ ಕೊನೆಗೆ ಹೋಗಿ ನಿಂತ್ಕೊಂಡು ಅದನ್ನ ಚಲಾಯಿಸಬಹುದು."

ಲಿನೆಟ್ ಬೀಗದ ಕೈ ತೆಗೆದುಕೊಂಡಳು. ಅಷ್ಟರಲ್ಲಿ ಆಳುಗಳು ಕಾರ್ಪೆಟ್ಟನ್ನು ಕಿತ್ತು ಹಿತ್ತಲಿನ ಕಸದ ತೊಟ್ಟಿಗೆ ಸಾಗಿಸಿದ್ದರು. ಅದನ್ನು ಹಿಡಿದಿಟ್ಟಿದ್ದ ಮೊಳೆಪಟ್ಟಿಗಳನ್ನು ಮಾತ್ರ ಮುಟ್ಟಲಿಲ್ಲ. ಅವು ಕಟ್ಟಡದ ಅವಿಭಾಜ್ಯ ಅಂಗ. ಗೋಡೆಯ ಸುತ್ತ ಮೊಳೆಗಳು ಮೊನೆ ಮೇಲೆತ್ತಿ ಹೊಸ ಬಾಡಿಗೆದಾರರನ್ನು ಸ್ವಾಗತಿಸಿದವು. ನೆಲ್ ಕಂಕುಳಿನಿಂದ ಕೆಳಗಿಳಿಯುವಂತಿರಲಿಲ್ಲ.

ಐವಿಯೂ ಲಿನೆಟ್ಟೂ ತೊಟ್ಟಿಯ ಬಳಿ ಹೋದರು. ಅಲ್ಲಿ ಹೀಗೆ ಬರೆದಿತ್ತು:

"ಪ್ರಕಟಣೆ. ಈ ಕಸವು ಸಂಘದ ಸ್ವತ್ತಾಗಿರುತ್ತದೆ. ಕಸವನ್ನು ಸದುಪಯೋಗಪಡಿಸಿಕೊಳ್ಳುವವರ ಮೇಲೆ ಕಾನೂನು ರೀತ್ಯಾ ಕ್ರಮ ಜರುಗಿಸಲಾಗುವುದು."

ಲಿನೆಟ್ ದೂರು ಕೊಟ್ಟಳು. ಸಂಘವು ದೂರನ್ನು ಗಂಭೀರವಾಗಿ ಪರಿಗಣಿಸಿ, ಅಂಬೆಗಾಲಿನ ಶಿಶುಗಳ ಕ್ಷೇಮಾಭಿಯಾನವನ್ನು ಘೋಷಿಸಿತು. ತೊಟ್ಟಿಯಿಂದ ಹಸಿರು ಕಾರ್ಪೆಟ್ಟನ್ನೇ ಎತ್ತಿ, ತೊಳೆಸಿ, ಒಂದು ಗುರುವಾರ ಮೆರವಣಿಗೆಯಂತೆ ಮೂರನೆಯ ಮಹಡಿಗೆ ತಂದು ಹಾಸಿದರು. ಛಾಯಾಗ್ರಾಹಕರು ಬಂದರು. ನೆಲ್ ಕೋಣೆಯ ಈ ತುದಿಯಿಂದ ಆ ತುದಿಗೆ ತೆವಳಿ, ಪಿಕ್ಕರಿಂಗ್ ಅವರ ಬೂಟನ್ನು ನೆಕ್ಕಿದಳು. ಚಪ್ಪಾಳೆಯಾಯಿತು. ಆಮೇಲೆ ಆಳುಗಳು ಕಾರ್ಪೆಟ್ಟನ್ನು ಸುರುಳಿ ಸುತ್ತತೊಡಗಿದರು.

"ಏನ್ರೀ ಇದು? ಕೊಟ್ಟಿದ್ದು ತಾನೇ?"

"ಕೊಟ್ಟಿದ್ದೀವಿ, ಫೋಟೋ ಇದೆ. ಈಗ ನಾಲ್ಕನೇ ಮಹಡಿಯವರಿಗೂ ಕೊಡ್ಬೇಕಲ್ಲ."

"ನನ್ನ ಮಗು ಏನು ಮಾಡ್ಬೇಕು?"

"ಮುಂದಿನ ಗುರುವಾರ ನಿಮಗೆ ಮತ್ತೆ ಕೊಡ್ತೀವಿ. ಒಬ್ಬರಿಗೆ ಒಂದೇ ಸಲ ಕೊಡ್ಬೇಕು ಅಂತ ನಿಯಮ ಏನಿಲ್ಲ," ಎಂದರು ಪಿಕ್ಕರಿಂಗ್, ಉದಾರವಾಗಿ.

ಹೀಗೆ ಹಾಥಾರ್ನ್ ಕೋರ್ಟಿನ ಕೂಸುಗಳು ಗುರುವಾರ ಗುರುವಾರ ತೆವಳತೊಡಗಿದವು. ಉಳಿದ ದಿನ ಕಂಕುಳು. ಅಮ್ಮಂದಿರ ಸೊಂಟ ನೋವಿಗೆ ಸಂಘವು ವ್ಯಾಯಾಮದ ಕರಪತ್ರ ಹಂಚಿತು. ವಾರ್ಷಿಕ ವರದಿಯಲ್ಲಿ ವಿತರಿಸಿದ ಕಾರ್ಪೆಟ್ಟುಗಳ ಸಂಖ್ಯೆ ಮನೆಗಳ ಸಂಖ್ಯೆಯನ್ನು ಮೀರಿತು, ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ತೊಡಕಾದದ್ದು ಒಂದು ಬುಧವಾರ. ನೆಲ್ ಕಂಕುಳಿನಿಂದ ಜಾರಿ, ಕಾಂಕ್ರೀಟಿನ ಮೇಲೆ ನಿಂತು, ತಪ್ಪುಹೆಜ್ಜೆ ಹಾಕುತ್ತ ನಡೆದೇಬಿಟ್ಟಳು. ಲಿನೆಟ್ ಸಂತೋಷ ತಡೆಯಲಾರದೆ ಐವಿಯನ್ನು ಕರೆದಳು. ಐವಿ ನೋಡಿದಳು, ನೋಡಿ ಬಾಗಿಲು ಹಾಕಿದಳು.

"ಮೆಲ್ಲಗೆ ಮಾತಾಡೆ. ಅಭಿಯಾನ ಇರೋದು ಅಂಬೆಗಾಲಿನವರಿಗೆ. ನಡೆಯೋ ಮಗು ಅಂತ ಗೊತ್ತಾದ್ರೆ ನಿನ್ನ ಹೆಸರು ತೆಗೆದುಹಾಕ್ತಾರೆ."

"ಮಕ್ಕಳು ನಡೆಯೋದು ತಪ್ಪಾ?"

"ಯಾರು ತಪ್ಪು ಅಂದ್ರು? ಗುರುವಾರ ಬೇಡ ಅಂದೆ ಅಷ್ಟೇ."

ಮರುದಿನ ಮೆಟ್ಟಿಲಲ್ಲಿ ಬೂಟುಗಳ ಸದ್ದು ಕೇಳಿದಾಗ ನೆಲ್ ಕಿಟಕಿಯ ಬಳಿ ನಿಂತಿದ್ದಳು. ಲಿನೆಟ್ ಬಾಯಿ ತೆರೆಯುವ ಮೊದಲೇ ಅವಳು ಬಾಗಿಲತ್ತ ಒಮ್ಮೆ ನೋಡಿ, ತಾನಾಗಿಯೇ ಕೆಳಗೆ ಕೂತು, ಎರಡೂ ಕೈ ನೆಲಕ್ಕೂರಿ ಕಾದಳು.