ಮಾಮಾನ ಹದಿನೇಳ ಹಸರು

ಉಗಾರ ಖುರ್ದದ ಮ್ಯಾಲ ನಾಳೆ ಯಾರರ ದಂಡೆತ್ತಿ ಬಂದ್ರ ಊರವರು ಏನೂ ಹೆದರಬೇಕಾಗಿಲ್ಲ. ಅಲ್ಲೆ ನಮ್ಮ ಮಾಮಾನ ಮನ್ಯಾಗ ಇಪ್ಪತ್ತೆರಡ ಯುದ್ಧವಿಮಾನ, ಹದಿನಾಕ ಟ್ಯಾಂಕು, ಆರ ಜೀಪು, ಎರಡ ತೋಪು ಸದಾ ತಯಾರ ನಿಂತಿರತಾವ. ಒಂದ ಸಣ್ಣ ಅಡಚಣಿ ಅಂದ್ರ, ಇಷ್ಟೂ ದಂಡು ಒಂದ ಗಾಜಿನ ಕಪಾಟಿನಾಗ ಹಿಡಸ್ತೈತಿ. ಇನ್ನೊಂದ ಅಡಚಣಿ, ಎಲ್ಲಾ ಪ್ಲಾಸ್ಟಿಕ್ಕಿಂದು!

ಮಾಮಾ ಅಂದ್ರ ನಮ್ಮ ಅವ್ವನ ತಮ್ಮ. ಹೆಸರ ಹೇಳಂಗಿಲ್ಲ. "ನನ್ನ ಹೆಸರೊಂದ ಬರೀಬ್ಯಾಡ, ಉಳದದ್ದು ಏನ ಬೇಕಾದ್ದ ಬರಕೊ" ಅಂತ ಅಪ್ಪಣಿ ಕೊಟ್ಟಾರ. ಏನ ಬೇಕಾದ್ದು ಅಂದ ಮ್ಯಾಲ ನಾ ಬಿಡಾಕಿನ? ಸಕ್ಕರಿ ಫ್ಯಾಕ್ಟರಿ ವರ್ಕಶಾಪಿನಾಗ ಅವರು ಫಿಟ್ಟರ್. ಐವತ್ತ ದಾಟಿದ ಮನುಷ್ಯಾ. ಡ್ಯೂಟಿ ಮುಗಿಸಿ ಬಂದು, ಚಾ ಕುಡದು, ಚಷ್ಮಾ ಮೂಗಿನ ತುದಿಗೆ ಇಳಿಸಿ, ಮಾಮಿ ಹುಬ್ಬ ಕೀಳೋ ಚಿಮಟಾ ಹಿಡದ ಕುಂತ್ರಂದ್ರ ಮುಗೀತು, ಮನೀಗೆ ಕಳ್ಳ ಬಂದು ಕಪಾಟ ಹೊತ್ಕೊಂಡ ಹೋದ್ರೂ ಗೊತ್ತಾಗಂಗಿಲ್ಲ. ಡಬ್ಬಿಯೊಳಗಿನ ತುಣುಕ ಒಂದೊಂದ ಕತ್ತರಿಸೂದು, ಉಜ್ಜೂದು, ಅಂಟಸೂದು, ಬಣ್ಣಾ ಬಳಿಯೂದು. ಒಂದ ಟ್ಯಾಂಕಿಗೆ ಆರ ತಿಂಗಳ. ಖರೇ ಟ್ಯಾಂಕ ಕಟ್ಟೋ ಕಾರಖಾನ್ಯಾಗೂ ಇಷ್ಟ ತಡಾ ಆಗಲಿಕ್ಕಿಲ್ಲ!

ಈ ಹುಚ್ಚಿಗೆ ಮೂಲ ಐತಿ. ಹರೇದಾಗ ಮಾಮಾ ಮಿಲಿಟರಿ ಭರತಿಗಂತ ಬೆಳಗಾವಿಗೆ ಹೋಗಿದ್ರಂತ. ಊರ ಮಂದಿ ಹಾರಾ ಹಾಕಿ ಕಳಿಸಿದ್ರು. ಮೂರನೇ ದಿನಕ್ಕ ಹೊಳ್ಳಿ ಬಂದ್ರು, ಹಾರಾ ಇನ್ನೂ ಬಾಡಿರಲಿಲ್ಲ. ಯಾಕ ಹೊಳ್ಳಿ ಕಳಿಸಿದ್ರು ಅನ್ನೂದಕ್ಕ ನಮ್ಮ ಮಂದ್ಯಾಗ ಒಬ್ಬೊಬ್ರದು ಒಂದೊಂದ ಪುರಾಣ. ಎದಿ ಅಳತಿ ಕಮ್ಮಿ ಬಂತು ಅಂತಾಳ ಅವ್ವ. ಆ ಪೀಪಾಯಿಯಂಥಾ ಎದಿ! ಪಾದ ಸಪಾಟ ಅದಾವು ಅಂತಾರ ನಮ್ಮಪ್ಪ. ಆಫೀಸರ್‌ಗ ಬಂದೂಕಿನ ಮ್ಯಾಲ ಭಾಷಣಾ ಬಿಗದಿರಬೇಕು, ಅಂವ ಕೈಮುಗದ ಕಳಿಸಿರಬೇಕು ಅನ್ನೂದು ನನ್ನ ಪುರಾಣ. ಮಾಮಾನ್ನ ಕೇಳಿದ್ರ ಚಷ್ಮಾ ಒರಸಕೋತ "ಬಿಡಬೇ, ಆಗಿ ಹೋದ ಮಾತು" ಅಂತಾರ, ಅಷ್ಟ.

ಬಣ್ಣಾ ಹಸಿ ಇರೂತನಕ ಆ ಮನ್ಯಾಗ ಫ್ಯಾನ ಹಚ್ಚಂಗಿಲ್ಲ, ಧೂಳ ಕುಂದರತೈತಿ. ನನ್ನ ನೋಡಾಕ ಗಂಡಿನವರು ಬಂದದ್ದು, ಜಾಗಾ ದೊಡ್ಡದೈತಿ ಅಂತ, ಅದ ಮನೀಗೆ. ಅದೂ ಮೇ ತಿಂಗಳದಾಗ! ಗಂಡಿನ ಅಪ್ಪನ ಅಂಗಿ ಮೈಗೆ ಅಂಟಿತ್ತು, ಅವರವ್ವ ಸೆರಗಿಲೆ ಗಾಳಿ ಹಾಕ್ಕೊಳ್ಳಾಕತ್ತಿದ್ರು. ಕಡೀಕ ಗಂಡಿನಪ್ಪ ಕೇಳೇ ಬಿಟ್ರು, "ಕರೆಂಟ್ ಹೋಗೈತೇನ್ರಿ?"

"ಇಲ್ರಿ, ಬಾಂಬರ್‌ನ ರೆಕ್ಕಿ ಒಣಗಾಕತ್ತೈತಿ" ಅಂದ್ರು ಮಾಮಾ.

ಲಗ್ನಾ ಆತು ಬಿಡ್ರಿ. "ಅವತ್ತ ನಾ ಲಗೂನ ಹೂಂ ಅಂದದ್ದು ನಿನ್ನ ನೋಡಿ ಅಲ್ಲ, ಹೊರಗ ಗಾಳೀಗೆ ಹೋಗಾಕ" ಅಂತ ನಮ್ಮ ಯಜಮಾನ್ರು ಇವತ್ತಿಗೂ ಕಾಡತಾರ.

ಲಗ್ನಾ ಆದ ಹೊಸತನಾಗ ಅದ ಬೀಗರು ಮತ್ತ ಉಗಾರಕ್ಕ ಬಂದ್ರು. ಮಾಮಿ ಚುರಮುರಿ ಭಡಂಗ್ ಹಚ್ಚಿ ಕೊಟ್ರು. ಬೀಗರು ಒಂದ ಮುಕ್ಕು ಬಾಯಿಗೆ ಹಾಕ್ಕೊಂಡವರು ಕಟಕ್ ಅಂತ ಏನೋ ಕಡದು ಮುಖಾ ಕಿವಚಿದ್ರು. ಮೂರ ದಿನದಿಂದ ಒಂದ ಮೆಷಿನ್ ಗನ್ನು ಕಳದಿತ್ತು, ಅಕ್ಕಿಕಾಳಿನಷ್ಟದು, ಅದಕ್ಕಂತ ಮೂರ ದಿನದಿಂದ ಮನ್ಯಾಗ ಕಸಾನೂ ಹೊಡದಿರಲಿಲ್ಲ. ಮಾಮಾ ಜಿಗದ ಬಂದು ಬೀಗರ ಗದ್ದ ಹಿಡದು, "ನುಂಗಬ್ಯಾಡ್ರಿ, ನುಂಗಬ್ಯಾಡ್ರಿ, ಬಾಯಿ ತಗೀರಿ!" ಅಂದ್ರು. ಹಲ್ಲ ನೋಡಾಕಲ್ರಿ! ಚಿಮಟಾದ್ಲೆ ಗನ್ನ ಹೊರಗ ತಗದು, ಬೆಳಕಿಗೆ ಹಿಡದು, "ದೇವರ ದೊಡ್ಡಾವ, ಏನೂ ಆಗಿಲ್ಲ" ಅಂದ್ರು. ಬೀಗರು ಪಾಪ, ತಮ್ಮ ಹಲ್ಲಿಗೇ ಅಂದ್ರು ಅಂತ ತಿಳದು "ಹೌದ್ರಿ, ಏನೂ ಆಗಿಲ್ರಿ" ಅಂದ್ರು.

ಮಾಮಾನ ಟ್ಯಾಂಕು ಹೊಸಾದು ಕಾಣಬಾರದು. ಯುದ್ಧದಾಗ ಉರುಳ್ಯಾಡಿ ಬಂದದ್ದು ಕಾಣಬೇಕು. ಅದಕ್ಕ ಬಣ್ಣಾ ಬಳದ ಮ್ಯಾಲ ತುಕ್ಕಿನ ಜಂಗ, ಮಸಿ, ಕೆಸರು ಅಂತ ತಿಂಗಳಾನುಗಟ್ಟಲೆ ಹೊಲಸ ಮಾಡತಾರ. ಕೆಸರ ಹೆಂಗ ಕುಂದರತೈತಿ ಅಂತ ಕಲಿಯಾಕ, ಕಬ್ಬ ನುರಿಸೋ ಹಂಗಾಮಿನಾಗ ಫ್ಯಾಕ್ಟರಿ ಮುಂದ ಸಾಲ ಹಚ್ಚಿ ನಿಂತ ಟ್ರ್ಯಾಕ್ಟರ್‌ಗಳ ಗಾಲಿ ಮುಂದ ಕುಕ್ಕರಗಾಲಿಲೆ ಕುಂತು ಫೋಟೋ ಹೊಡೀತಾರ. ಒಬ್ಬ ಡ್ರೈವರ್ ಹೆದರಿ ಇಳದ ಬಂದು, "ಸಾಹೇಬ್ರ, ಟೈರ್ ಸವದಾವೇನ್ರಿ? ನಾಳೇನ ಬದಲಿ ಮಾಡತೇನ್ರಿ" ಅಂದ.

"ಏ ಇಲ್ಲಪಾ, ಕೆಸರ ಭಾಳ ಚೊಲೋ ಐತಿ. ತೊಳೀಬ್ಯಾಡ!" ಅಂದ್ರು ಮಾಮಾ. ಆ ಡ್ರೈವರ್ ಮುಂದ ಇವರನ್ನ ಕಂಡ್ರ ಟ್ರ್ಯಾಕ್ಟರ್ ಬಿಟ್ಟು ಚಾದ ಅಂಗಡಿ ಹಿಂದ ಹೋಗಿ ನಿಂದರತಿದ್ನಂತ.

ಇದೆಲ್ಲಾ ತಡಕೋಬಹುದು. ತಡಕೊಳ್ಳಾಕ ಆಗದ್ದು ಅಂದ್ರ ಬಣ್ಣದ ಮ್ಯಾಲ ಅವರ ಭಾಷಣಾ. ನೀವು ಹಸರು ಅಂದ್ರೋ, ಸತ್ರಿ! "ಯಾವ ಹಸರು? ಹಸರಿನಾಗ ಹದಿನೇಳ ನಮೂನಿ ಅದಾವು. ಕಾಡಿನ ಹಸರ ಬ್ಯಾರೆ, ದಂಡಿನ ಹಸರ ಬ್ಯಾರೆ, ಬಿಸಲಿಗೆ ಸುಟ್ಟ ಹಸರ ಬ್ಯಾರೆ..." ಒಂದಾದ ಮ್ಯಾಲ ಒಂದು, ಶಾಲಿ ಹುಡುಗೂರು ಮಗ್ಗಿ ಹೇಳಿದಂಗ. ನಾ ಅಥಣ್ಯಾಗ ಕನ್ನಡ ಶಾಲಿ ಟೀಚರ್, ಹುಡುಗೂರಿಗೆ ಬಣ್ಣಾ ಕಲಿಸಾಕಿ. ನನಗ ಗೊತ್ತಿಲ್ಲದ ಹಸರ ಇವರಿಗೆ ಎಲ್ಲಿಂದ ಬಂದ್ವು?

ಮತ್ತ ಇಂಥಾ ಪಂಡಿತರನ್ನ ಸಂತಿಗೆ ಕಳಿಸಿ ನೋಡ್ರಿ. ಹಣ್ಣ ಟೊಮೆಟೊ ತರ್ರಿ ಅಂದ್ರ ಅರ್ಧಾ ಕಾಯಿ! ಕೆಂಪ ಮೆಣಸಿನಕಾಯಿ ಅಂದ್ರ ಹಸರೂ ಕೆಂಪೂ ಕೂಡಿಸಿ ಚೀಲಾ ತುಂಬ! "ಹದಿನೇಳ ಹಸರ ಗೊತ್ತಿದ್ದವರಿಗೆ ಒಂದ ಕೆಂಪ ಗೊತ್ತಾಗಲಿಲ್ಲೇನ್ರಿ ಮಾಮಾ?" ಅಂತ ನಾ ಎಲ್ಲಾರ ಮುಂದ ನಗತಿದ್ದೆ. ಮಾಮಿ ನಡಕ ಬಾಯಿ ಹಾಕಿ, "ಕಾಯಿ ನಾನ ಹೇಳಿದ್ನೆವ್ವಾ, ಚಟ್ನಿ ಮಾಡಾಕ" ಅನ್ನೋರು. ಮಾಮಿ ಸತ್ತಿ ಊರಿನ ಒಕ್ಕಲಿಗರ ಮಗಳು, ಗಂಡನ್ನ ಒಂದ ಮಾತ ಅನಗೊಡಾಕಿ ಅಲ್ಲ. ಅಂಥಾ ಹೆಣ್ಣಮಗಳು ಈ ಪ್ಲಾಸ್ಟಿಕ್ ಸೇನಾಪತಿಗೆ ಗಂಟ ಬಿದ್ದಾಳಲ್ಲಾ ಅಂತ ನನಗ ಕನಿಕರ.

ಹೋದ ವರ್ಷ ದಸರಾದಾಗ ಮಾಮಾಗ ಒಂದ ದೊಡ್ಡ ಯೋಗ ಬಂತು. ಕೊಲ್ಲಾಪುರದಾಗ ಇಂಥಾ ಮಾದರಿ ಮಾಡೋ ಮಂದೀದ ಒಂದ ಪ್ರದರ್ಶನಾ, ದಸರಾ ಮುಗಿದ ರವಿವಾರ. ಇಂಥಾ ಹುಚ್ಚರು ಇನ್ನೂ ಅದಾರ ಅಂತ ನನಗ ಅವತ್ತ ಗೊತ್ತಾತು. ಮೂವತ್ತ ವರ್ಷದಾಗ ಮಾಮಾನ ಕೆಲಸಾ ಮನಿ ಹೊಸ್ತಲಾ ದಾಟಿರಲಿಲ್ಲ. ಇದ ಮೊದಲು. ವರ್ಷಗಟ್ಟಲೆ ಕುಂತು ದಂಡಿನ ಹಸರಿನ ಒಂದ ಟ್ಯಾಂಕ ಕಟ್ಟಿದ್ರು, ಗಾಲಿಪಟ್ಟಿಗೆ ಸತ್ತಿಯಿಂದ ತಂದ ಹೊಳಿದಂಡಿ ಮಣ್ಣು, ಮಾಮಿ ಚಾ ಸೋಸೋ ಜಾಳಗ್ಯಾಗ ಸೋಸಿದ್ದು. ಬಣ್ಣಾ ಆಗಿ ಇನ್ನೂ ವಾರಾ ಆಗಿತ್ತು ಅಷ್ಟ.

ಅಷ್ಟರಾಗ ಮಾಮಿಯ ತಾಯಿ ಬಿದ್ದು ಕಾಲ ಮುರಕೊಂಡ್ರು. ಮಾಮಿ ಅವರನ್ನ ಕರಕೊಂಡ ಮಿರಜ ದವಾಖಾನಿಗೆ ಹೋದ್ರು. ಅಲ್ಲಿಂದ ನನಗ ಫೋನು. "ಶಾಲಿ ಸೂಟಿ ಐತೆಲ್ಲಾ, ನೀ ಉಗಾರಕ್ಕ ಹೋಗವ್ವಾ. ಖಂಡೇನವಮಿ ಪೂಜಿ ತಪ್ಪಬಾರದು. ಆಯುಧ ಎಲ್ಲಾ ತೊಳದ ಪೂಜಿ ಮಾಡು."

ಖಂಡೇನವಮಿಗೆ ಒಬ್ಬೊಬ್ರು ಕುಡಗೋಲ ತೊಳೀತಾರ, ಒಬ್ಬೊಬ್ರು ಗಾಡಿ ತೊಳೀತಾರ. ಮಾಮಾನ ಮನ್ಯಾಗ ಇದ್ದಷ್ಟ ಆಯುಧ ಇಡೀ ತಾಲೂಕಿನಾಗ ಯಾರಿಗೆ ಅದಾವು? ಮಾಮಾ ಫ್ಯಾಕ್ಟರಿ ಪೂಜಿಗೆ ಹೋಗಿದ್ರು. ನಾ ಸೀರಿ ಸಿಗಿಸಿ, ಬಕೇಟ ತುಂಬ ಬಿಸಿನೀರ, ಸಬಕಾರ, ತೆಂಗಿನ ನಾರ ತಗೊಂಡ ಕುಂತೆ. ತೊಳದ್ನಿ ನೋಡ್ರಿ! ಹಳೇವು ತಡಕೊಂಡ್ವು. ಹೊಸಾ ಟ್ಯಾಂಕಿನ ಕೆಸರು ಹೋತು, ಜಂಗ ಹೋತು, ತಿಕ್ಕಿದಂಗ ಹಸರೂ ಹೋಗಿ ಬೂದಿಬಣ್ಣದ ಪ್ಲಾಸ್ಟಿಕ್ ಥಳಾಥಳಾ ಹೊಳೀತು. ಏನ ಸ್ವಚ್ಛ ಆತು ಅಂತ ನನಗ ಹೆಮ್ಮಿ! ಅದರ ತೋಪಿಗೆ ವಿಭೂತಿ ಎಳದು, ಚೆಂಡಹೂವಿನ ಮಾಲಿ ಹಾಕಿ, ಪಟ್ಟಿ ಕೆಳಗ ಲಿಂಬಿಹಣ್ಣ ಇಟ್ಟೆ. ಟ್ಯಾಂಕು ಲಿಂಬಿಹಣ್ಣ ಹತ್ತಾಕ ಹೋಗಿ ಸೊಂಡಿ ಮ್ಯಾಲ ಮಾಡಿ ನಿಂತಿತು.

ಕೈ ಬಿಸಿ ಇತ್ತು, ಬಣ್ಣದ ಬಾಟಲಿನೂ ತಗೊಂಡೆ. ಮಾಮಾ ಬಣ್ಣಾ ಮನ್ಯಾಗ ಕಲಸಿ ಹಳೇ ಔಷಧದ ಸಣ್ಣ ಬಾಟಲಿ ತುಂಬಿ ಇಡತಾರ. ಒಂದಕ್ಕೂ ಚೀಟಿ ಇಲ್ಲ, ಎಲ್ಲಾದಕ್ಕೂ ಕೊಳ್ಳಾಗ ಒಂದೊಂದ ಹೊಲಸ ದಾರ, ಗಂಟ ಗಂಟ. ದಾರ ಕತ್ತರಿಸಿ ಒಗದು, ಬಾಟಲಿ ಒರಸಿ, ಎತ್ತರದ ಪ್ರಕಾರ ಸಾಲಾಗಿ ಹಚ್ಚಿಟ್ಟೆ.

ಮಾಮಾ ಸಂಜೀಕ ಬಂದ್ರು. ಟ್ಯಾಂಕ ನೋಡಿದ್ರು. ಮೂರ ಸಲ ಬಾಯಿ ತಗದ್ರು, ಮೂರ ಸಲ ಮುಚ್ಚಿದ್ರು. ಆಮ್ಯಾಲ ಬಾಟಲಿ ಸಾಲ ನೋಡಿ ಸಣ್ಣ ದನಿಲೆ ಕೇಳಿದ್ರು, "ದಾರ ಎಲ್ಲಿ?"

"ಹೊಲಸ ಆಗಿದ್ವು, ಒಗದೆ. ಉಪಕಾರ ಆತು ಅನ್ರಿ!"

ಅವರು ಟ್ಯಾಂಕ ಎತಗೊಂಡ ಖೋಲ್ಯಾಗ ಹೋದ್ರು. ಕೆಸರ ಹೋಗಿದ್ದಕ್ಕ ಸಂಕಟ ಅಂತ ತಿಳದೆ ನಾ. ಮರುದಿನ ಊರೆಲ್ಲಾ ಬನ್ನಿ ಕೊಟ್ಟ ಕೈ ಮುಗಿಯಾಕತ್ತಿದ್ರ ಇವರು ಖೋಲಿ ಬಾಗಲಾ ಹಾಕ್ಕೊಂಡ ಕುಂತಿದ್ರು. ಮಿರಜದಾಗ ಅವತ್ತ ಮಾಮಿಯ ತಾಯಿಗೆ ಆಪರೇಶನ್, "ಮಾಮಿಗೆ ಫೋನ ಮಾಡಿ ತ್ರಾಸ ಕೊಡಬ್ಯಾಡ" ಅಂತ ನನಗೂ ತಾಕೀತು ಮಾಡಿದ್ರು.

ಶನಿವಾರ ಮುಂಜಾನೆ ಟ್ಯಾಂಕ ಅಂಗೈ ಮ್ಯಾಲ ಇಟಗೊಂಡ ಹೊರಗ ಬಂದ್ರು. "ನೋಡಬೇ, ಮೊದಲಿನಕಿಂತಾ ಚೊಲೋ ಬಂತು."

ನಾ ಬಿದ್ದ ಬಿದ್ದ ನಕ್ಕೆ. "ಏನ್ರಿ ಮಾಮಾ, ಟ್ಯಾಂಕಿಗೆ ಕೆಮ್ಮಣ್ಣ ಸಾರಿಸೀರಿ? ಯುದ್ಧಕ್ಕ ಹೊಂಟೈತೋ, ಹಬ್ಬದ ಕಟ್ಟಿ ಆಗಾಕ ಹೊಂಟೈತೋ?"

ಮಾಮಾ ನಗಲಿಲ್ಲ. ಟ್ಯಾಂಕ ನೋಡಿದ್ರು, ನನ್ನ ನೋಡಿದ್ರು. "ಚಾಷ್ಟಿ ಬ್ಯಾಡಬೇ. ಖರೇ ಹೇಳ. ಹಸರ ಇಲ್ಲ?"

ನನಗ ನಗಿ ಅರ್ಧಕ್ಕ ನಿಂತ ಹೋತು.

ಮಾಮಾ ಕುರ್ಚಿ ಮ್ಯಾಲ ಕುಂತು ಚಷ್ಮಾ ತಗದು ಒರಸಾಕತ್ತಿದ್ರು. "ಭರತ್ಯಾಗ ಒಂದ ಪುಸ್ತಕ ತೋರಿಸಿದ್ರು, ಬರೇ ಬಣ್ಣದ ಚುಕ್ಕಿ. ಅದರೊಳಗ ಅಂಕಿ ಅದಾವು, ಓದು ಅಂದ್ರು. ಎಲ್ಲಾ ಹುಡುಗೂರೂ ಓದಿದ್ರು. ನನಗ ಚುಕ್ಕಿ ಕಂಡ್ವು ಅಷ್ಟ. ಹಸರೂ ಕೆಂಪೂ ನನಗ ಒಂದ ನಮೂನಿ. ಊರಾಗ ಏನಂತ ಹೇಳಲಿ? ಸುಮ್ಮನಿದ್ದೆ." ಹೊಸ್ತಲಾ ನೋಡಕೋತ ಮುಂದ ಹೇಳಿದ್ರು, "ಮಿಲಿಟರಿ ಡಾಕ್ಟರ್ ಒಂದ ನಿಮಿಷದಾಗ ಕಂಡ ಹಿಡದಾ, ಹೊರಗ ಹಾಕಿದಾ. ನಿಮ್ಮ ಮಾಮಿ ಲಗ್ನಾಗಿ ಎಂಟ ದಿನಕ್ಕ ಕಂಡ ಹಿಡದ್ಲು, ದಾರ ಕಟ್ಟಿದ್ಲು."

ಬಣ್ಣಾ ಕಲಸಾಕಿ ಮಾಮಿ. ಒಂದ ಗಂಟಿಂದು ಕಂದು, ಎರಡ ಗಂಟಿಂದು ಕೆಂಪು, ಮೂರ ಗಂಟಿಂದು ಹಸರು. ಬೆರಳಿಲೆ ಮುಟ್ಟಿ ಮಾಮಾ ಬಾಟಲಿ ತಗೋತಿದ್ರು. ಆ ಹದಿನೇಳ ಹಸರೂ ಮಾಮಿ ಕಂಡು ಹೇಳಿದ್ದವು, ಅವರು ಬಾಯಿಪಾಠ ಮಾಡಿದ್ದವು. ಸಂತ್ಯಾಗಿನ ಕಾಯಿ ಟೊಮೆಟೊದ ಚಟ್ನಿ ನೆನಪಾತು ನನಗ. ಎಲ್ಲಾರ ಮುಂದ ನಕ್ಕ ಒಂದೊಂದ ಮಾತೂ ನೆನಪಾತು. ನಾಚಿಕಿ ಆತು, ಅಳು ಬಂತು. ಅವ್ವನ ತಮ್ಮನ ಮುಂದ ಮೂಗ ಸೊರ್ರ ಅನಿಸಿ ಅತ್ತೆ.

"ಅತ್ರ ಬಣ್ಣಾ ಹತ್ತತೈತೇನು? ಮಾಮಿಗೆ ಫೋನ ಹಚ್ಚ" ಅಂದ್ರು ಮಾಮಾ.

ದಾರ ಒಗದಿದ್ದ ಕೇಳಿ ಮಾಮಿ, "ನಿನ್ನಿನ ಬನ್ನಿ ಎಲಿ ಐತೇನು? ಬಾಡಿದ್ದು? ಬಾಜೂಕ ಇಟಗೊ. ಆ ಬಣ್ಣಾ ಬರೂತನಕ ಕಲಸ" ಅಂದ್ರು. ಕಲಸಿದೆ. ಮಾಮಾ ಬಳದ್ರು. ಕೆಸರ ಹಚ್ಚಾಕ ಹೊತ್ತ ಸಾಲಲಿಲ್ಲ.

ರವಿವಾರ ಟ್ಯಾಂಕನ್ನ ಹಪ್ಪಳದ ಡಬ್ಬಿಯೊಳಗ ಇಟಗೊಂಡು ಇಬ್ರೂ ರೈಲಿಗೆ ಕೊಲ್ಲಾಪುರಕ್ಕ ಹೋದ್ವಿ. ಪರೀಕ್ಷಾ ಮಾಡೋ ಹಿರಿಯರು ಭೂತಗನ್ನಡಿ ಹಿಡದು ನೋಡಿ ನೋಡಿ, "ರಂಗ ಏಕದಮ್ ಬರೋಬರ ಆಹೇ! ಪಣ ರಣಗಾಡಾ ಇತಕಾ ಸ್ವಚ್ಛ ಕಸಾ?" ಅಂದ್ರು. ಬಣ್ಣಾ ಸರಿ ಐತಿ, ಟ್ಯಾಂಕ ಇಷ್ಟ ಸ್ವಚ್ಛ ಹೆಂಗ ಅಂತ.

ಮಾಮಾ ನನ್ನ ಕಡೆ ಒಮ್ಮೆ ನೋಡಿ, "ಖಂಡೇನವಮಿ ಝಾಲೀ ನಾ ಸಾಹೇಬ್!" ಅಂದ್ರು, ಖಂಡೇನವಮಿ ಆತಲ್ರಿ ಅಂತ. ಹಿರಿಯರು ನಕ್ಕು ಮುಂದ ಹೋದ್ರು. ಬಹುಮಾನ ಕೆಸರಿದ್ದ ಯಾವುದೋ ಟ್ಯಾಂಕಿಗೆ ಹೋತು.

ಹೊಳ್ಳಿ ಬರೋ ಮುಂದ ಮಿರಜ ಸ್ಟೇಶನ್ನಿನಾಗ ಮಾಮಿ ನಮ್ಮ ಬೋಗಿ ಹತ್ತಿದ್ರು, ತಾಯಿ ಹತ್ರ ತಮ್ಮನ ಹೇಣ್ತಿನ್ನ ಬಿಟ್ಟು. ಕುಂದ್ರೂಕ ಮೊದಲ ಮಾಮಾ ಹೇಳಿದ್ರು, "ರಂಗ ಬರೋಬರ ಐತಿ ಅಂದ್ರು." ಮಾಮಿ ಹಪ್ಪಳದ ಡಬ್ಬಿ ತಗದು ನೋಡಿ, ಸೆರಗ ಕಣ್ಣಿಗೆ ಒತ್ತಿಗೊಂಡ್ರು. ಆಮ್ಯಾಲ ನನ್ನ ಕಿವ್ಯಾಗ, "ಹೊಸಾ ದಾರ ಕಟ್ಟೀಯೇನು?" ಅಂದ್ರು.

"ಕಟ್ಟೇನ್ರಿ ಮಾಮಿ."

"ಸಡಲ ಕಟ್ಟಿರತಿ. ನಾ ನೋಡತೇನಿ."

ಶೇಡಬಾಳ ದಾಟಿತು. ಕಿಡಿಕ್ಯಾಗ ಎರಡೂ ಕಡೆ ಕಬ್ಬು. ಮಾಮಾ ಗಂಟಲ ಸರಿ ಮಾಡಕೊಂಡು ಕೈ ಹೊರಗ ತೋರಿಸಿ ಶುರು ಮಾಡಿದ್ರು, "ನೋಡಬೇ, ಎಳೇ ಕಬ್ಬಿನ ಹಸರ ಬ್ಯಾರೆ, ಬಲತ ಕಬ್ಬಿನ ಹಸರ ಬ್ಯಾರೆ. ಸಂಜೀ ಬಿಸಲಿಗೆ ಅದರಾಗ ಮತ್ತೊಂದ ಹಸರ ಐತಿ, ಅದು ಎಲ್ಲಾರಿಗೂ ಕಾಣಂಗಿಲ್ಲ."

ಮಾಮಿ ಹೂಂ ಅಂದ್ರು. ನಾ ಕಿಡಿಕಿ ಹೊರಗ ಕಣ್ಣ ಕಿಸದ ನೋಡಿದೆ. ಇಷ್ಟ ವರ್ಷದಾಗ ಮೊದಲನೇ ಸಲ ನನಗ ಅದು ಕಾಣಾಕತ್ತಿತ್ತು.

"ಹೌದ್ರಿ ಮಾಮಾ, ಐತ್ರಿ" ಅಂದೆ.