ಇನ್ನೂರ ನಲವತ್ತರ ಪರದೆ

ಭಾನುವಾರ ಬೆಳಿಗ್ಗೆ ಕನ್ನಡಕದವರ ಕಂಪ್ಯೂಟರಿನ ಹೊಸ ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಬಹಳ ಹೊತ್ತೇನಲ್ಲ, ಒಂದೆರಡು ಉಸಿರಿನಷ್ಟು. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಬೆಳಗಿತು. ಕಾಫಿ ತರಲು ಕುರ್ಚಿಯಿಂದ ಎದ್ದಿದ್ದ ಕನ್ನಡಕದವರು ಕಾಫಿಯನ್ನು ಮರೆತು ಅಲ್ಲೇ ನಿಂತರು.

ಅವರದ್ದು ಕನ್ನಡಕದ ಅಂಗಡಿ. ಬಂದವರನ್ನು ಕೂರಿಸಿ, ಕಣ್ಣಿಗೆ ಗಾಜು ಹಿಡಿದು, ‘ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ’ ಎಂದು ದಿನವಿಡೀ ಕೇಳುವುದೇ ಅವರ ಕೆಲಸ. ಬೀದಿಯವರೆಲ್ಲ ಅವರ ನಿಜವಾದ ಹೆಸರನ್ನು ಮರೆತು ಎಷ್ಟೋ ಕಾಲವಾಗಿತ್ತು. ಹೆಂಡತಿ ಹೊಲಿಗೆ ಮಾಡುತ್ತಿದ್ದರು. ಅವರ ಮಷೀನು ಹಾಲಿನಲ್ಲಿ ಊಟದ ಮೇಜಿಗೂ ಚಪ್ಪಲಿ ಗೂಡಿಗೂ ನಡುವೆ ಇಕ್ಕಟ್ಟಿನಲ್ಲಿ ನಿಂತಿತ್ತು. ಮನೆಯಲ್ಲಿದ್ದ ಒಂದೇ ಒಂದು ಹೆಚ್ಚಿನ ಕೋಣೆಯನ್ನು ಕನ್ನಡಕದವರು ಕಾರ್ ರೇಸ್ ಆಡಲು ಇಟ್ಟುಕೊಂಡಿದ್ದರು. ಕಿಟಕಿಯಿದ್ದ, ಬಾಗಿಲು ಹಾಕಿಕೊಳ್ಳಬಹುದಾಗಿದ್ದ ಆ ಪುಟ್ಟ ಕೋಣೆಯೆಂದರೆ ಅವರಿಗೆ ಪ್ರಾಣ.

ಆ ಪ್ರಾಣಕ್ಕೇ ಇವತ್ತು ಸಂಚಕಾರ ಬಂದಿತ್ತು. ಪ್ರತಿ ಭಾನುವಾರ ಸಂಜೆ ಹೆಂಡತಿಯ ತಮ್ಮ ತನ್ನ ಲ್ಯಾಪ್‌ಟಾಪ್ ಹೊತ್ತು ಬರುತ್ತಿದ್ದ, ಭಾವನ ಜೊತೆ ರೇಸ್ ಆಡುತ್ತಿದ್ದ, ಗೆದ್ದು ಹೋಗುತ್ತಿದ್ದ. ಪ್ರತಿ ಭಾನುವಾರ ಭಾವ ಹಳೆಯ ಪರದೆಯನ್ನು ಬೈಯುತ್ತಿದ್ದರು. ಅದು ಸೆಕೆಂಡಿಗೆ ಅರವತ್ತು ಸಲ ಮಾತ್ರ ಚಿತ್ರ ಬದಲಾಯಿಸುತ್ತದೆ, ಇನ್ನೂರ ನಲವತ್ತು ಸಲ ಬದಲಾಯಿಸುವ ಪರದೆಯೊಂದಿದ್ದರೆ ತೋರಿಸುತ್ತಿದ್ದೆ ಎಂದು ಹೇಳಿ ಹೇಳಿ ಕೊನೆಗೆ ಅಂಥದ್ದನ್ನೇ ತಂದುಬಿಟ್ಟರು. ಅದನ್ನು ಪೆಟ್ಟಿಗೆಯಿಂದ ತೆಗೆಯುವಾಗ ಹೆಂಡತಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ್ದರು: “ಇದರಲ್ಲೂ ಸೋತರೆ ಈ ಕೋಣೆ ನನ್ನ ಮಷೀನಿಗೆ.” ಕನ್ನಡಕದವರು ಎದೆಯುಬ್ಬಿಸಿ ಒಪ್ಪಿಕೊಂಡಿದ್ದರು.

ಈಗ ಪರದೆ ನೋಡಿದರೆ ಹೀಗೆ. ಅವರು ಮತ್ತೆ ಕುರ್ಚಿಯಲ್ಲಿ ಕೂತು, ಬೆಕ್ಕು ಇಲಿಬಿಲವನ್ನು ಕಾಯುವಂತೆ ಪರದೆಯನ್ನು ಕಾದರು. ಎಷ್ಟು ಹೊತ್ತಾದರೂ ಅದು ಮಿಸುಕಲಿಲ್ಲ. ತಾನಾಗಿಯೇ ಸರಿಹೋಯಿತೆಂದುಕೊಂಡು, ಮರೆತ ಕಾಫಿಗಾಗಿ ಎದ್ದು ಅಡುಗೆಮನೆಯ ಕಡೆ ತಿರುಗಿದರು. ಹಾಲಿನಿಂದ ಹೆಂಡತಿ, “ಮತ್ತೆ ಕಪ್ಪಾಯ್ತಲ್ರೀ” ಎಂದರು. ತಿರುಗಿ ನೋಡುವಷ್ಟರಲ್ಲಿ ಪರದೆ ಮತ್ತೆ ನಗುತ್ತಿತ್ತು.

ಸುದ್ದಿ ಮೇಲಿನ ಮನೆಗೆ ತಲುಪಿತು. ಅಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರಿದ್ದರು. ಕರೆಯದಿದ್ದರೂ ಬರುವ ಸ್ವಭಾವ ಅವರದ್ದು, ಇವತ್ತಂತೂ ಕರೆದಿದ್ದರು. ಅವರು ಕುರ್ಚಿಯಲ್ಲಿ ಆರಾಮವಾಗಿ ಒರಗಿ ವಿಷಯವನ್ನೆಲ್ಲ ಕೇಳಿಸಿಕೊಂಡರು.

“ಪಾಪ, ಸೆಕೆಂಡಿಗೆ ಇನ್ನೂರ ನಲವತ್ತು ಸಲ ಅಂದ್ರೆ ಅದಕ್ಕೂ ಸುಸ್ತಾಗಲ್ವೇನಪ್ಪಾ? ಸ್ವಲ್ಪ ಇಳಿಸು.”

ಕನ್ನಡಕದವರು ಒಲ್ಲದ ಮನಸ್ಸಿನಿಂದ ಸೆಟ್ಟಿಂಗ್ಸ್ ತೆರೆದು ನೂರ ನಲವತ್ತನಾಲ್ಕಕ್ಕೆ ಇಳಿಸಿದರು. ಮೇಷ್ಟ್ರು ಕೂತಷ್ಟು ಹೊತ್ತೂ ಪರದೆ ಹೇಳಿದ ಮಾತು ಕೇಳುವ ಮಗುವಿನಂತಿತ್ತು. ತಮ್ಮ ಚಿಕಿತ್ಸೆ ಫಲಿಸಿತೆಂದು ಬೀಗುತ್ತಾ ಮೇಷ್ಟ್ರು ಎದ್ದರು, ಪರದೆ ಕಪ್ಪಾಯಿತು. ಅವರು ಮತ್ತೆ ಕೂತು ನೂರ ಇಪ್ಪತ್ತಕ್ಕೆ ಇಳಿಸಲು ಹೇಳಿದರು. ಎದ್ದರು, ಕಪ್ಪಾಯಿತು. ಮತ್ತೆ ಕೂತರು. ಹೀಗೆ ಇಳಿಸುತ್ತಾ ಇಳಿಸುತ್ತಾ ಅರವತ್ತಕ್ಕೆ ಬಂದು ನಿಂತಾಗ ಕನ್ನಡಕದವರ ಮುಖ ಬಾಡಿಹೋಗಿತ್ತು. ಅರವತ್ತರಲ್ಲೂ ಮೇಷ್ಟ್ರು ಎದ್ದಾಗ ಪರದೆ ಕಪ್ಪಾಗಿಯೇ ತೀರಿತು. ಇದು ತಮ್ಮ ಕಾಲದ ಭೌತಶಾಸ್ತ್ರವಲ್ಲ ಎಂದ ಮೇಷ್ಟ್ರು, ಆದರೂ ಹೊರಡದೆ ಕಿಟಕಿಯ ಕಟ್ಟೆಯ ಮೇಲೆ ಕೂತರು.

ಆಮೇಲೆ ಎಲೆಕ್ಟ್ರಿಷಿಯನ್ ಬಂದ. ಕುರ್ಚಿಯಲ್ಲಿ ಕೂತು ತಂತಿಗಳನ್ನೆಲ್ಲ ಬಿಚ್ಚಿ ಜೋಡಿಸಿದ, ಹಿಂದೆ ಇಣುಕಲು ಎದ್ದ, ತಾನೇ ಕಣ್ಣಾರೆ ಕಂಡ. ತಪ್ಪು ಪರದೆಯದ್ದಲ್ಲ, ಮನೆಯ ಅರ್ಥಿಂಗ್‌ನದ್ದು ಎಂದು ತೀರ್ಪು ಕೊಟ್ಟು ಮೆಟ್ಟಿಲ ಕೆಳಗಿದ್ದ ದೊಡ್ಡ ಸ್ವಿಚ್ಚನ್ನು ಎಳೆದ. ಅದು ಇಡೀ ಕಟ್ಟಡದ ಸ್ವಿಚ್ಚು. ಹೆಂಡತಿಯ ಮಷೀನು ಗಿರಾಕಿಯೊಬ್ಬರ ಅಂಗಿಯ ತೋಳಿನ ನಡುವೆ ನಿಂತಿತು. ಮೇಷ್ಟ್ರ ಪ್ಯಾಂಟುಗಳೆಲ್ಲ ನೊರೆಯ ಸಮೇತ ವಾಷಿಂಗ್ ಮೆಷೀನಿನೊಳಗೆ ಸೆರೆಯಾದವು. ಮಹಡಿ ಮಹಡಿಯಿಂದ ಜನ ಇಳಿದು ಬಂದು, ಕರೆಂಟು ಹೋದದ್ದು ಕನ್ನಡಕದವರ ಆಟದ ಸಾಮಾನಿನಿಂದ ಎಂದು ತಿಳಿದು, ಆಡಬಾರದ್ದನ್ನೆಲ್ಲ ಆಡಿದರು. ಕನ್ನಡಕದವರು ಒಬ್ಬೊಬ್ಬರಿಗೂ ಕೈಮುಗಿದರು. ಕರೆಂಟು ಬಂತು. ಎಲೆಕ್ಟ್ರಿಷಿಯನ್ ಕುರ್ಚಿಯಲ್ಲಿ ಕೂತು ನೋಡಿ, ಸರಿಯಾಯಿತೆಂದು ಎದ್ದ. ಪರದೆ ಕಪ್ಪಾಯಿತು.

ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಕನ್ನಡಕದವರಿಗೆ ಮಾತ್ರ ಒಳಗೊಳಗೇ ಏನೋ ಖುಷಿಯಾಗತೊಡಗಿತ್ತು. ಕೂತಾಗ ಇಲ್ಲದ ಕಾಯಿಲೆ ಎದ್ದಾಗ ಹೇಗೆ ಬರುತ್ತದೆ? ಅವರು ಕುರ್ಚಿಯಲ್ಲಿ ಕೂತು ಎದ್ದರು. ಕಪ್ಪು. ಕೂತು ಎದ್ದರು. ಮತ್ತೆ ಕಪ್ಪು. ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ನೆಲದಿಂದ ಎದ್ದು ನೋಡಿದರು, ಪರದೆ ಸುಮ್ಮನಿತ್ತು. ಆಮೇಲೆ ಕುರ್ಚಿಯಲ್ಲಿ ಬಸ್ಕಿ ಹೊಡೆಯಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಬಾಗಿಲಿಗೆ ಬಂದ ಹೆಂಡತಿ, ಗಂಡನ ಹಣೆಯಲ್ಲಿ ಇಳಿಯುತ್ತಿದ್ದ ಬೆವರನ್ನೂ ಮುಖದ ನಗುವನ್ನೂ ಕಂಡು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಮೆಲ್ಲನೆ ಕಿಟಕಿಯ ಕಟ್ಟೆಯಿಂದ ಇಳಿದು ಬಾಗಿಲಿಗೆ ಹತ್ತಿರವಾದರು.

“ಕುರ್ಚಿ ಕಣೇ. ಎಲ್ಲಾ ಈ ಕುರ್ಚೀದೇ ಕೆಲಸ” ಎಂದರು ಕನ್ನಡಕದವರು.

ಫೋನಿನಲ್ಲಿ ಹುಡುಕಿದರೆ ಲೋಕದ ಮೂಲೆಮೂಲೆಯಲ್ಲೂ ಹೀಗೆ ಬಸ್ಕಿ ಹೊಡೆದವರಿದ್ದರು. ಎತ್ತರ ಏರಿಸಿ ಇಳಿಸುವ ಇಂಥ ಕುರ್ಚಿಯಿಂದ ಎದ್ದಾಗ ಅದರ ಕಾಲಿನೊಳಗೆ ಯಾರಿಗೂ ಕಾಣದಷ್ಟು ಸಣ್ಣ ಕಿಡಿ ಹುಟ್ಟುವುದುಂಟಂತೆ. ಪಕ್ಕದಲ್ಲೇ ಹಾದುಹೋಗುವ ಪರದೆಯ ತಂತಿ ಅದಕ್ಕೆ ಬೆಚ್ಚಿಬಿದ್ದು ಕ್ಷಣಹೊತ್ತು ಮೂರ್ಛೆ ಹೋಗುತ್ತದಂತೆ. ಮೇಷ್ಟ್ರು ಇದನ್ನು ಕೇಳಿ, ತಮಗೆ ಮೊದಲೇ ಅನುಮಾನವಿತ್ತು ಎಂದರು. ಸಂಜೆ ಬಂದ ಭಾವಮೈದನನ್ನೂ ಕನ್ನಡಕದವರು ಬಿಡಲಿಲ್ಲ. ಅವನ ಕೈಯಲ್ಲೂ ಬಸ್ಕಿ ಹೊಡೆಸಿ, ಪರದೆ ಕಪ್ಪಾಗುವುದನ್ನು ತೋರಿಸಿದ ಮೇಲೆಯೇ ಕುರ್ಚಿಯನ್ನು ಹಾಲಿಗೆ ಗಡಿಪಾರು ಮಾಡಿದರು. ಅಡುಗೆಮನೆಯ ಮರದ ಸ್ಟೂಲು ಬಂತು. ಭಾವಮೈದ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ಮೇಷ್ಟ್ರು, ಎಲೆಕ್ಟ್ರಿಷಿಯನ್ ಗೋಡೆಗೊರಗಿ ನಿಂತರು. ಹೆಂಡತಿ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದರು.

ರೇಸು ಶುರುವಾಯಿತು. ಕನ್ನಡಕದವರು ಎಂದೂ ಹಾಗೆ ಓಡಿಸಿದವರಲ್ಲ. ಇಡೀ ದಿನ ಬೈಸಿಕೊಂಡ ಸಿಟ್ಟು, ಗುಟ್ಟು ಬಿಡಿಸಿದ ಹುಮ್ಮಸ್ಸು ಎರಡೂ ಕೈಗಿಳಿದಿದ್ದವು. ಕೊನೆಯ ತಿರುವಿನಲ್ಲಿ ಕೂದಲೆಳೆಯಷ್ಟು ಮುಂದಾಗಿ ಗೆದ್ದೇಬಿಟ್ಟರು. ಮೇಷ್ಟ್ರು ಬೆನ್ನು ತಟ್ಟಿದರು. ಭಾವಮೈದ ಕೈಕುಲುಕಿದ. ಹೆಂಡತಿ ಕೊರಳ ಟೇಪನ್ನು ತೆಗೆದು ಸುತ್ತುತ್ತಾ, “ಸರಿ, ಮಾತು ಅಂದ್ರೆ ಮಾತು. ಕೋಣೆ ನಿಮ್ದೇ” ಎಂದರು.

ಅಲ್ಲಿಗೆ ಎದ್ದು ಕೈಕಾಲು ತೊಳೆದುಕೊಂಡಿದ್ದರೆ ಕತೆ ಸುಖವಾಗಿ ಮುಗಿಯುತ್ತಿತ್ತು. ಆದರೆ ತಮ್ಮನ್ನು ಗೆಲ್ಲಿಸಿದ ಪರದೆಯ ಸೆಟ್ಟಿಂಗ್ಸನ್ನು ಒಮ್ಮೆ ಪ್ರೀತಿಯಿಂದ ನೋಡೋಣವೆಂದು ಅವರು ಅದನ್ನು ತೆರೆದರು. ಅಲ್ಲಿ ಅರವತ್ತು ಎಂದಿತ್ತು. ಮಧ್ಯಾಹ್ನ ಇಳಿಸಿದ್ದನ್ನು ಯಾರೂ ಏರಿಸಿರಲಿಲ್ಲ. ಅದನ್ನು ಕಂಡವರು ಅವರೊಬ್ಬರೇ, ಸುಮ್ಮನೆ ಮುಚ್ಚಿಬಿಡಬಹುದಿತ್ತು. ಅರವತ್ತರಲ್ಲೇ ಗೆದ್ದವನು ಇನ್ನೂರ ನಲವತ್ತರಲ್ಲಿ ಹೇಗೆ ಓಡಿಸಿಯಾನು ಎಂಬ ಕುತೂಹಲ ಮಾತ್ರ ಅವರನ್ನು ಸುಮ್ಮನಿರಲು ಬಿಡಲಿಲ್ಲ.

“ಇದು ಲೆಕ್ಕಕ್ಕಿಲ್ಲ. ಅರವತ್ತರಲ್ಲಿ ಆಡಿದ್ದು ಹಳೇ ಪರದೇಲಿ ಆಡಿದ ಹಾಗೇನೇ. ನಿಜವಾದ ಆಟ ಈಗ ನೋಡಿ” ಎಂದರು.

“ಬಿಡಿ ಭಾವ, ಗೆದ್ದಿದ್ದೀರಲ್ಲ” ಎಂದ ಭಾವಮೈದ. ಅವನಿಗೆ ನಿಜಕ್ಕೂ ಕನಿಕರವಾಗಿತ್ತು.

ಹೆಂಡತಿ ಸುತ್ತುತ್ತಿದ್ದ ಟೇಪನ್ನು ನಿಲ್ಲಿಸಿದರು. “ಲೆಕ್ಕಕ್ಕಿಲ್ಲ ಅಂತ ನೀವೇ ಹೇಳ್ತಿದ್ದೀರಿ. ಆಮೇಲೆ ಮಾತು ತಿರುಗಿಸಬಾರದು.”

“ಯಾಕೆ ತಿರುಗಿಸ್ಲಿ?” ಎನ್ನುತ್ತಾ ಕನ್ನಡಕದವರು ಇನ್ನೂರ ನಲವತ್ತನ್ನು ಒತ್ತಿದರು.

ಅವರ ಕಣ್ಣ ಮುಂದೆ ಬೇರೆಯೇ ಲೋಕ ತೆರೆದುಕೊಂಡಿತು. ಬೆಣ್ಣೆಯಲ್ಲಿ ಕೂದಲು ಎಳೆದಂತೆ ಕಾರು ಸಾಗುತ್ತಿತ್ತು. ಅದುವರೆಗೆ ಹಸಿರು ಬಣ್ಣ ಬಳಿದಂತೆ ಕಾಣುತ್ತಿದ್ದ ಮರಗಳಲ್ಲಿ ಈಗ ಒಂದೊಂದು ಎಲೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಭಾವಮೈದ ತೀರಾ ಹಿಂದೆ ಬಿದ್ದಿದ್ದ. ಕೊನೆಯ ಸುತ್ತಿನಲ್ಲಿ ರಸ್ತೆಯ ಬದಿಗೆ ಒಂದು ಹಳದಿ ಬೋರ್ಡು ಬಂತು. ಅಷ್ಟು ದಿನ ಬರೀ ಹಳದಿ ಗೀಟಾಗಿ ಹಾದುಹೋಗುತ್ತಿದ್ದ ಅದರ ಮೇಲೆ ಅಕ್ಷರಗಳಿವೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಅಷ್ಟು ವೇಗದಲ್ಲೂ ಅವು ಮುತ್ತಿನಂತೆ ನಿಂತಿದ್ದವು. ಮೇಲೆ ದಪ್ಪ ಸಾಲು, ಅದರ ಕೆಳಗೆ ಸಣ್ಣದು, ಅದಕ್ಕೂ ಕೆಳಗೆ, ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಜನ ತಡವರಿಸುವಂಥ ಇನ್ನೂ ಸಣ್ಣದು. ಕನ್ನಡಕದವರು ಸ್ಟೂಲಿನಲ್ಲೇ ಮುಂದಕ್ಕೆ ಬಾಗಿ ಮೂರನೆಯ ಸಾಲನ್ನೂ ಓದಿ ಮುಗಿಸಿದರು. ಕಾರು ನೆಟ್ಟಗೆ ಹೋಗಿ ಕೆರೆಗೆ ಬಿತ್ತು.

ಭಾವಮೈದ ನಿಧಾನವಾಗಿ ಬಂದು ಗೆರೆ ದಾಟಿದ.

“ಏನಾಯ್ತು ಭಾವ?”

“ಬೋರ್ಡು ಓದ್ತಿದ್ದೆ.”

“ಏನು ಬರೆದಿತ್ತು?” ಎಂದು ಹೆಂಡತಿ ಕೇಳಿದರು.

ಕನ್ನಡಕದವರು, ಓದಿದ್ದನ್ನು ತಪ್ಪಾಗಿ ಹೇಳಿ ಅಭ್ಯಾಸವಿಲ್ಲದ ಕಾರಣ, ಒಂದೊಂದೇ ಸಾಲನ್ನು ಸ್ಪಷ್ಟವಾಗಿ ಹೇಳಿದರು.

“ಎಚ್ಚರಿಕೆ. ಮುಂದೆ ಅಪಾಯಕಾರಿ ತಿರುವು. ಕೆಳಗೆ ಸಣ್ಣಕ್ಷರದಲ್ಲಿ, ಕಣ್ಣು ರಸ್ತೆಯ ಮೇಲಿರಲಿ.”

ಹೆಂಡತಿ ನಗಲಿಲ್ಲ. ಟೇಪು ಬಿಚ್ಚಿ, ಬಗ್ಗಿ, ಕಿಟಕಿಯ ಕೆಳಗಿನ ಜಾಗವನ್ನು ಅಳೆಯತೊಡಗಿದರು. ಕನ್ನಡಕದವರು ಎದ್ದು ಹಾಲಿಗೆ ಹೋಗಿ, ಮಷೀನಿನ ಒಂದು ಕೊನೆ ಹಿಡಿಯಲು ಭಾವಮೈದನನ್ನು ಕರೆದರು.