ಹೂ ಮುಡಿದ ಮೀನಿನ ಬಾಣಂತನ

"ನೋಡ್ತಿರು ಕೋಮಲ! ಒಂದೇ ತಿಂಗಳು. ಕ್ಯಾಟ್‌ಫಿಶ್ ಮರಿ ಮಾಡಿಸಿದ ಪುಣ್ಯಾತ್ಮ ಯಾರಪ್ಪಾ ಅಂತ ಇಡೀ ನಂಜನಗೂಡೇ ಕೇಳ್ಬೇಕು!"

ಪ್ರೇಮ್‌ಕುಮಾರ್ ಹೆಂಡತಿಯೆದುರು ಹೀಗೆ ಶಪಥ ಮಾಡಿದಾಗ ಅವನ ಕೈಯಲ್ಲಿ ಎರಡು ಮೀನಿದ್ದ ಪ್ಲಾಸ್ಟಿಕ್ ಕವರ್ ಇತ್ತು. ತಿ. ನರಸೀಪುರದ ಸರ್ಕಾರಿ ಕಚೇರಿಯೊಂದರಲ್ಲಿ ಅವನು ಗುಮಾಸ್ತ. ವಂಶಕ್ಕೇ ಮೊದಲ ಪದವೀಧರ, ಅದೂ ಇತಿಹಾಸದಲ್ಲಿ ಎಂ.ಎ. ನೋಟ್ಸ್ ಬರೆಯದೆ ಯಾವ ಕೆಲಸಕ್ಕೂ ಕೈ ಹಾಕಿದವನಲ್ಲ. ಅಲ್ಲಿನ ಅಕ್ವೇರಿಯಂ ಅಂಗಡಿಯ ನಟರಾಜ್, "ಗಂಡು ಎಣ್ಣು ಗುರ್ತು ಏಳ್ಬುಡ್ಲಾ ಸಾ?" ಎಂದು ಕೇಳಿಯೂ ಇದ್ದ. "ಓದಿದವನಿಗೆ ಅದೆಲ್ಲ ಹೇಳ್ಬೇಕೇನ್ರಿ?" ಎಂದು ಬಸ್ಸು ಹತ್ತಿ ಬಂದಿದ್ದ ನಮ್ಮ ಧೀರ!

ಮನೆಯಲ್ಲಿ ಮೀನುಗಳನ್ನು ಗಾಜಿನ ತೊಟ್ಟಿಗೆ ಬಿಟ್ಟು, ಭೂತಗನ್ನಡಿ ಹಿಡಿದು ಸಂಶೋಧನೆ ಶುರುವಾಯಿತು. ಒಂದು ಮೀನಿನ ಮೂತಿ ನುಣ್ಣಗೆ, ಬೋಳು. ಇನ್ನೊಂದಕ್ಕೆ ಮೂತಿಯಿಂದ ನೆತ್ತಿಯವರೆಗೆ ಕವಲೊಡೆದ ಕುಚ್ಚುಗಳು. ಅರ್ಧ ಗಂಟೆಯ ನಂತರ ತೀರ್ಪು ಹೊರಬಿತ್ತು.

"ತಲೆ ತುಂಬ ಹೂ ಮುಡ್ಕೊಂಡಂಗಿದೆ. ಇದೇ ಹೆಣ್ಣು, ಕುಸುಮ. ಆ ಬೋಳುಮೂತಿ ಗಂಡು, ರಾಜ."

ಬನ್ನೂರಿನಲ್ಲಿ ಮಗಳ ಬಾಣಂತನಕ್ಕೆಂದು ಹೋಗಿದ್ದ ಅವನ ತಾಯಿ ಚಲುವಮ್ಮ ಫೋನಿನಲ್ಲೇ ತಕರಾರು ತೆಗೆದರು. "ಉಂಜಕ್ಕೂ ತಲೆ ಮ್ಯಾಲೆ ಜುಟ್ಟದೆ ಕಣ್ಲಾ. ಅದೇನು ಮೊಟ್ಟೆ ಇಕ್ಕದಾ?"

"ಅವ್ವ, ಇದು ವಿಜ್ಞಾನ! ಕೋಳಿ ವಿಚಾರ ಅಲ್ಲ!"

ಮನೆಯಲ್ಲಿ ಆಗಲೇ ಇನ್ನೊಂದು ಕದನ ನಡೆದಿತ್ತು. ಕೋಮಲ ಬಿಳಿಗೆರೆಯ ಶಾಲೆಯಲ್ಲಿ ಟೀಚರ್. ಅವಳಿಗೆ ಧಾರವಾಡದಲ್ಲಿ ಹತ್ತು ದಿನದ ತರಬೇತಿ. ಮಗಳು ಪುಟ್ಟಿಗೆ ಎರಡೇ ವರ್ಷ. ಹಿಂದೆ ಎರಡು ಸಲ ಮಗುವಿಗಾಗಿ ಬಿಟ್ಟುಕೊಟ್ಟಿದ್ದವಳು ಈ ಸಲ ಪಟ್ಟು ಹಿಡಿದಿದ್ದಳು.

"ನೀವು ರಜ ಹಾಕಿ ಪುಟ್ಟೀನ ನೋಡ್ಕೊಳ್ರಿ."

"ನಾನಾ? ಮಕ್ಕಳನ್ನ ಸಾಕೋದು ತಾಯಿ ಧರ್ಮ ಕಣೇ. ಪ್ರಕೃತಿ ನಿಯಮ! ಬೇಕಾದ್ರೆ ಈ ತೊಟ್ಟೀಲೇ ನೋಡು. ಇಲ್ಲಿ ಮೊಟ್ಟೆ ಯಾರು ಕಾಯ್ತಾರೋ, ಮನೇಲೂ ಅವ್ರೇ ಮಗೂನ ಕಾಯ್ಲಿ!"

"ಮಾತಿಗೆ ತಪ್ಪಲ್ಲ ತಾನೇ?"

"ಸರ್ಕಾರಿ ನೌಕರನ ಮಾತು!"

"ಅದಕ್ಕೇ ಕೇಳಿದ್ದು."

ಸಿದ್ಧತೆ ಭರದಿಂದ ಸಾಗಿತು. ಬಾಣಂತಿ ಕೋಣೆಯಾಗಿ ಪುಟ್ಟ ಮಡಕೆಯೊಂದು ತೊಟ್ಟಿಯ ತಳದಲ್ಲಿ ಅಡ್ಡ ಮಲಗಿತು. ಮಳೆಗಾಲ ಬಂತೆಂದು ಮೀನುಗಳು ನಂಬಲಿ ಎಂದು ಪ್ರೇಮ್‌ಕುಮಾರ್ ದಿನವೂ ಜರಡಿಯಲ್ಲಿ ತಣ್ಣೀರು ಸುರಿದ. ಮೀನುಗಳು ನಂಬಿದವೋ ಇಲ್ಲವೋ, ಪುಟ್ಟಿ ನಂಬಿ ಕೊಡೆ ತಂದಳು! ಕುಸುಮಳಿಗೆ ಹೊತ್ತು ಹೊತ್ತಿಗೆ ಬೆಂದ ಸೌತೆಕಾಯಿ. ಅವಳು ಮೂಸಿ ಬಿಟ್ಟದ್ದನ್ನೆಲ್ಲ ರಾಜ ಮುಗಿಸುತ್ತಿದ್ದ. ದಿನೇ ದಿನೇ ಉಬ್ಬುತ್ತಿದ್ದ.

"ರೀ, ಆ ರಾಜನ ಹೊಟ್ಟೆ ನೋಡ್ರಿ. ಏಳು ತಿಂಗಳ ಬಸುರಿ ಹಂಗಿದೆ."

"ಗಂಡಸ್ರಿಗೆ ಹೊಟ್ಟೆ ಬರಲ್ವೇನೇ? ನನ್ನ ನೋಡು!"

ಕೋಮಲ ನೋಡಿದಳು. ಸಾಕ್ಷ್ಯ ಬಲವಾಗಿತ್ತು.

ತರಬೇತಿಗೆ ಮೂರು ದಿನ ಉಳಿದಿರುವಾಗ, ಭಾನುವಾರ ಬೆಳಿಗ್ಗೆ, ಪ್ರೇಮ್‌ಕುಮಾರನ ಜಯಘೋಷಕ್ಕೆ ಬೀದಿಯೇ ಎಚ್ಚೆತ್ತಿತು. ಮಡಕೆಯೊಳಗೆ ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲು! ಅದರ ಮೇಲೆ ಕೂತ ಕುಸುಮ ಅನ್ನನೀರು ಬಿಟ್ಟು ರೆಕ್ಕೆ ಬೀಸುತ್ತಿದ್ದಳು. ರಾತ್ರೋರಾತ್ರಿ ಸೊಂಟ ಸಣ್ಣಗಾದ ರಾಜ ನಿಶ್ಚಿಂತೆಯಿಂದ ಸೌತೆಕಾಯಿಗೆ ಅಂಟಿಕೊಂಡಿದ್ದ.

"ನೋಡು! ತಾಯಿ ಕರುಳು ಅಂದ್ರೆ ಇದು! ಅಪ್ಪ ಆದವನು ತಿಂದ್ಕೊಂಡು ಆರಾಮಾಗಿರೋದೇ ಪ್ರಕೃತಿ! ಧಾರವಾಡಕ್ಕೆ ಬರಲ್ಲ ಅಂತ ಬರ್ದು ಹಾಕು!"

ಅಷ್ಟಕ್ಕೇ ತೃಪ್ತಿಯಾಗಿದ್ದರೆ ಬದುಕುತ್ತಿದ್ದ. "ತಾಯಿ, ಮಕ್ಕಳು ಕ್ಷೇಮ" ಎಂದು ಬರೆದು ನಟರಾಜ್‌ಗೆ ಫೋಟೋ ಕಳಿಸಿಬಿಟ್ಟ! ಎರಡೇ ನಿಮಿಷಕ್ಕೆ ಫೋನ್ ಬಂತು. ಕೋಮಲ ಸ್ಪೀಕರ್ ಒತ್ತಿದಳು.

"ಸಾ, ಕಾಯ್ತಾ ಕುಂತಿರೋದು ಅವ್ವ ಅಲ್ಲ ಸಾ, ಅಪ್ಪ! ತಲೆ ಮ್ಯಾಲೆ ಕುಚ್ಚು ಇರೋದೇ ಗಂಡು. ಎಣ್ಣು ಮೊಟ್ಟೆ ಇಕ್ಬುಟ್ಟು ಒಂಟೋಯ್ತದೆ ಸಾ. ಆಮ್ಯಾಕೆ ಎಲ್ಲಾ ಅಪ್ಪಂದೇ ಚಾಕ್ರಿ!"

ಪ್ರೇಮ್‌ಕುಮಾರ್ ತೊಟ್ಟಿ ನೋಡಿದ. ನೋಟ್‌ಬುಕ್ ನೋಡಿದ. ಹೆಂಡತಿಯನ್ನು ಮಾತ್ರ ನೋಡಲಿಲ್ಲ. ಅವಳು ಅಲ್ಲಿರಲೂ ಇಲ್ಲ, ಒಳಗೆ ಸೂಟ್‌ಕೇಸ್ ಎಳೆಯುತ್ತಿದ್ದಳು!

ಕೋಮಲ ಹೊರಟ ಮೂರನೇ ದಿನದ ಹೊತ್ತಿಗೆ ಮಡಕೆಯ ಮೊಟ್ಟೆಗಳೆಲ್ಲ ಮರಿಯಾಗಿದ್ದವು. ಇತ್ತ ಪುಟ್ಟಿ ಹಿಟ್ಟಿನ ಡಬ್ಬ ತಲೆಗೆ ಸುರಿದುಕೊಂಡಿದ್ದಳು, ಅಪ್ಪನ ಕನ್ನಡಕವನ್ನು ಸಾರಿನಲ್ಲಿ ಮುಳುಗಿಸಿದ್ದಳು, ಊಟವೆಂದರೆ ಮಂಚದಡಿ ಸೇರುತ್ತಿದ್ದಳು. ಮಂಚದಡಿಯಿಂದಲೇ ಪ್ರೇಮ್‌ಕುಮಾರ್ ಬನ್ನೂರಿಗೆ ಫೋನ್ ಮಾಡಿದ.

"ಅವ್ವ, ನನ್ ಕೈಲಾಗ್ತಿಲ್ಲ! ಎರಡು ದಿನ ಬಂದೋಗವ್ವ!"

"ಅಲ್ಲಾ ಕಣ್ಲಾ, ಆ ಮೀನು ಏಸು ಮರಿ ಮಾಡ್ಯದೆ?"

"ಅರವತ್ತು ಇರಬೋದು."

"ಅದಕ್ಕೆ ಕೈ ಅವಾ?"

"ಇಲ್ಲ."

"ಕಾಲು?"

"ಇಲ್ಲವ್ವ."

"ಕೈಕಾಲಿಲ್ದಲೇ ಅರವತ್ತು ಮಕ್ಕಳ ಸಾಕ್ತಾ ಕುಂತದೆ. ನಿಂಗೆ ಕೈ ಎರಡು, ಕಾಲು ಎರಡು, ಮಗಾ ಒಂದು! ಮಡುಗ್ಲಾ ಫೋನ!"